ಉಲ್ಟಾ ಕೂತ ಬ್ಯಾಟರಿ

"ಇದು ತಾನಾಗಿ ಸುಟ್ಟಿದ್ದಲ್ಲಮ್ಮಾ. ಯಾರೋ ಸುಟ್ಟಿರೋದು."

ಇಷ್ಟು ಹೇಳಿ ಕಿಟ್ಟು, ಬೆಂಚಿನ ಮೇಲಿದ್ದ ಕರಿ ಲೋಹದ ಉಂಡೆಯನ್ನು ಅನಸೂಯ ಅವರ ಕಡೆಗೆ ತಳ್ಳಿದ. ಚೆನ್ನೈನ ಗಿಂಡಿ ಕೈಗಾರಿಕಾ ಎಸ್ಟೇಟಿನಲ್ಲಿ ಅವನ ಶೆಡ್ಡು ಬೆಳಗಿನ ಹನ್ನೊಂದಕ್ಕೇ ದೋಸೆ ಕಾವಲಿಯಾಗಿತ್ತು. ಕಾರಿಗೆ ಕರೆಂಟು ಹುಟ್ಟಿಸುವ, ಬಿಚ್ಚಿಟ್ಟ ಆ ಆಲ್ಟರ್ನೇಟರಿನಿಂದ ಸುಟ್ಟ ಅರಗಿನ ವಾಸನೆ ಇನ್ನೂ ಹೋಗಿರಲಿಲ್ಲ.

ಬೆಂಚಿನ ಹಿಂದೆ ಕಾರು ನಿಂತಿತ್ತು. ಐವತ್ತಮೂರನೇ ಇಸವಿಯ ಮಾರಿಸ್ ಮೈನರ್, ಕಪ್ಪು ಬಣ್ಣ, ಎರಡು ದುಂಡು ಕಣ್ಣು. ಅದರ ಯಜಮಾನ, ರೈಲ್ವೆಯಲ್ಲಿ ನಿವೃತ್ತರಾದ ಸತ್ಯನಾರಾಯಣ, ಕಾಣೆಯಾಗಿ ಅಂದಿಗೆ ಒಂಬತ್ತು ದಿನ. ಕಾರು ಇದೇ ಎಸ್ಟೇಟಿನ ಮುಚ್ಚಿದ ಲೇತ್ ಶೆಡ್ಡೊಂದರ ಮುಂದೆ ಸಿಕ್ಕಿತ್ತು. ಎಪ್ಪತ್ತನಾಲ್ಕರ ಮನುಷ್ಯ ಸಿಕ್ಕಿರಲಿಲ್ಲ.

ಅವರ ಮಗಳು ವಂದನಾ ಬಾಗಿಲ ಬಳಿ ನಿಂತು ಫೋನು ನೋಡುತ್ತಿದ್ದಳು. ಒಳಗೆ ಬಂದಿರಲಿಲ್ಲ. ಕಿಟ್ಟುವಿನ ಮುಖ ನೋಡಲು ಅವಳಿಗೆ ಇಷ್ಟವಿರಲಿಲ್ಲ. ಅವಳ ಲೆಕ್ಕ ಸರಳ: ಕಿಟ್ಟು ಜೋಡಿಸಿದ ಆಲ್ಟರ್ನೇಟರ್ ನಡುದಾರಿಯಲ್ಲಿ ಕೈಕೊಟ್ಟಿತು, ಅಪ್ಪ ಬಿಸಿಲಲ್ಲಿ ಇಳಿದು ನಡೆದರು, ಎಲ್ಲೋ ಬಿದ್ದರು. ಪೊಲೀಸರಿಗೂ ಹಾಗೆಯೇ ಬರೆದುಕೊಟ್ಟಿದ್ದಳು.

"ಇಪ್ಪತ್ತೆರಡು ವರ್ಷದ ಪೇರು, ಒಳ್ಳೆ ಹೆಸರು ನನ್ನದು," ಎಂದ ಕಿಟ್ಟು, ದನಿ ತಗ್ಗಿಸಿ. "ಸತ್ಯನಾರಾಯಣ ಪೆರಿಯವರು ಸಿಗಲಿ, ಅದು ಮೊದಲು. ಆದ್ರೆ ನನ್ನ ಕೈಯಿಂದ ಹೋದ್ರು ಅಂದ್ರೆ ನಾನು ಈ ಸ್ಪ್ಯಾನರ್ ಮತ್ತೆ ಹಿಡಿಯೋದು ಹೇಗೆ, ನೀವೇ ಹೇಳಿ."

ಅನಸೂಯ ಕನ್ನಡಕ ಏರಿಸಿ ಉಂಡೆಯೊಳಗೆ ಇಣುಕಿದರು. ಇಪ್ಪತ್ತೆಂಟು ವರ್ಷ ವಿಮಾ ಕಂಪನಿಯೊಂದರಲ್ಲಿ ವಾಹನಗಳ ಸರ್ವೇಯರ್ ಆಗಿದ್ದವರು ಅವರು. ನುಜ್ಜುಗುಜ್ಜಾದ ಲಾರಿಯ ಮುಂದೆ ನಿಂತು, ಚಾಲಕ ಹೇಳುವ ಕತೆಗೂ ತಗಡು ಹೇಳುವ ಕತೆಗೂ ಎಲ್ಲಿ ತಾಳೆಯಾಗುವುದಿಲ್ಲ ಎಂದು ಹುಡುಕುವುದೇ ಅವರ ಉದ್ಯೋಗವಾಗಿತ್ತು. ನಿವೃತ್ತಿಯಾದ ಮೇಲೂ ಜನ ಹುಡುಕಿಕೊಂಡು ಬರುತ್ತಿದ್ದರು, ಈಗ ವಂದನಾ ಬಂದ ಹಾಗೆ. ಅವರು ಬೇಡವೆನ್ನುತ್ತಿರಲಿಲ್ಲ. ಗಂಡ ಹೋಗಿ ಆರು ವರ್ಷವಾಗಿತ್ತು. ವೇಲಚೇರಿಯ ಮೂರನೇ ಮಹಡಿಯ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಾತಾಡುವುದು ಲಿಫ್ಟು ಮಾತ್ರ, ಅದೂ ಇಂಗ್ಲಿಷಿನಲ್ಲಿ.

"ಡಯೋಡ್ ಆರೂ ಹೋಗಿದೆ," ಎಂದರು ಕೊನೆಗೆ.

ಕಿಟ್ಟುವಿನ ಮುಖ ಸ್ವಲ್ಪ ಬೆಳಗಿತು. ಅವನಿಗೆ ಬೇಕಾಗಿದ್ದದ್ದು ತನ್ನ ಭಾಷೆ ತಿಳಿಯುವ ಒಬ್ಬ ಮನುಷ್ಯ, ಅಷ್ಟೇ. ಆಮೇಲೆ ಅವನು ವಿವರಿಸಿದ್ದನ್ನು ನಿಮಗೂ ಹೇಳಿಬಿಡುತ್ತೇನೆ. ಈ ಪ್ರಕರಣದ ಬೀಗ ಇರುವುದೇ ಇಲ್ಲಿ.

ಆ ಕಾಲದ ಇಂಗ್ಲಿಷ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನು ಕಾರಿನ ಮೈಗೆ ಕಟ್ಟುತ್ತಿದ್ದರು. ಈಗಿನ ಎಲ್ಲ ಕಾರುಗಳಲ್ಲಿ ಮೈಗೆ ಕಟ್ಟುವುದು ಮೈನಸ್ಸನ್ನು. ಆಗ ಕರೆಂಟು ಕೊಡುತ್ತಿದ್ದ ಹಳೆಯ ಡೈನಮೋಗೆ ಇದರ ಹಂಗಿಲ್ಲ, ಅದು ಬಡ ಎತ್ತು, ಯಾವ ಕಡೆ ಹೂಡಿದರೂ ಎಳೆಯುತ್ತದೆ. ಆದರೆ ಅದರ ಬದಲು ಆಲ್ಟರ್ನೇಟರ್ ಕೂರಿಸಿದರೆ ಬ್ಯಾಟರಿಯನ್ನು ತಿರುಗಿಸಿ ಮೈನಸ್ಸನ್ನು ಮೈಗೆ ತರಲೇಬೇಕು. ಎರಡು ವರ್ಷದ ಹಿಂದೆ ಕಿಟ್ಟು ಅದನ್ನೇ ಮಾಡಿದ್ದ. ಅಂಥ ಕಾರಿಗೆ ಯಾರಾದರೂ ಬ್ಯಾಟರಿಯನ್ನು ಮತ್ತೆ ಹಳೆಯ ರೀತಿಯಲ್ಲಿ ಕಟ್ಟಿದರೆ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಆಲ್ಟರ್ನೇಟರಿನ ಡಯೋಡುಗಳು ಸುಟ್ಟು ಹೊಗೆಯಾಡುತ್ತವೆ.

ಕಾರು ಸಿಕ್ಕಾಗ ಬ್ಯಾಟರಿ ಕೂತಿದ್ದದ್ದು ಹಾಗೆಯೇ. ಕಿಟ್ಟು ಕೂರಿಸಿದ್ದ ಬ್ಯಾಟರಿ ಹಿಂದಿನ ಸೀಟಿನ ಕೆಳಗಿತ್ತು, ಚಾರ್ಜ್ ಇಳಿದು ಹೋಗಿತ್ತು. ಅದರ ಜಾಗದಲ್ಲಿ ಹೊಸದೊಂದು, ಉಲ್ಟಾ.

"ಪೆರಿಯವರೇ ಮರೆತು ಹಾಕಿರಬಹುದಲ್ಲ?" ಎಂದರು ಅನಸೂಯ.

"ಅವರಾ?" ಕಿಟ್ಟು ನಕ್ಕುಬಿಟ್ಟ. "ರೈಲ್ವೆಯಲ್ಲಿ ಬೋಗಿ ಕೆಳಗಿನ ಡೈನಮೋ ತೆಗೆದು ಆಲ್ಟರ್ನೇಟರ್ ಹಾಕೋದೇ ಅವರ ಡ್ಯೂಟಿ ಆಗಿತ್ತಮ್ಮಾ. ನನಗೆ ಹೇಳಿಕೊಟ್ಟದ್ದೇ ಅವರು. ಪ್ಲಸ್ ಮೈನಸ್ ಅವರಿಗೆ ನಿದ್ದೆಯಲ್ಲೂ ತಪ್ಪಲ್ಲ."

"ದಾರೀಲಿ ಸಿಕ್ಕ ಯಾವನೋ ಮೆಕ್ಯಾನಿಕ್?"

"ಈಗಿನ ಮೆಕ್ಯಾನಿಕ್ ಯಾರೂ ಪ್ಲಸ್ಸನ್ನ ಮೈಗೆ ಹಾಕಲ್ಲ. ಅಂಥದ್ದೊಂದು ಇತ್ತು ಅಂತಲೇ ಅವರಿಗೆ ತೆರಿಯಾದು, ಗೊತ್ತೇ ಇಲ್ಲ."

ಅನಸೂಯ ಕಾರಿನ ಕಡೆ ನೋಡಿದರು. ಹಾಗಾದರೆ ಉಳಿದದ್ದು ಒಂದೇ ಬಗೆಯ ಮನುಷ್ಯ. ಈ ಕಾರನ್ನು ತನ್ನ ಅಂಗೈಯಂತೆ ಬಲ್ಲವನು. ಆದರೆ ಎರಡು ವರ್ಷದಿಂದ ಅದರ ಬಾನೆಟ್ ಎತ್ತಿ ನೋಡದವನು.

"ಬಾನೆಟ್ ಎತ್ತಿದ್ರೆ ಆಲ್ಟರ್ನೇಟರ್ ಅಂತ ಗೊತ್ತಾಗಲ್ವಾ?"

ಅಲ್ಲೇ ಇರುವುದು ವಿಷಯ ಎಂದ ಕಿಟ್ಟು. ಹಳೆಯ ಡೈನಮೋದ ಹೊಟ್ಟೆ ಬಗೆದು, ಲೇತಿನಲ್ಲಿ ಕಡೆಸಿ, ಅದರ ಸಿಪ್ಪೆಯೊಳಗೆ ಆಲ್ಟರ್ನೇಟರ್ ಅಡಗಿಸಿಡು ಎಂದು ಪೆರಿಯವರು ಹಟ ಹಿಡಿದಿದ್ದರಂತೆ. ಹೊರಗಿನಿಂದ ಬ್ರಹ್ಮ ಬಂದರೂ ಗುರುತು ಸಿಗಬಾರದು ಎಂದಿದ್ದರಂತೆ. ಯಾರಿಗೆ ಹೆದರಿ ಹೀಗೆ ಎಂದು ಇವನು ತಮಾಷೆ ಮಾಡಿದರೆ ಅವರು ಮಾತು ಬದಲಿಸಿದರಂತೆ.

ಮಾತು ಮುಗಿಸಿ ಅವನು ಡ್ರಾಯರ್ ಎಳೆದು ಪುಟ್ಟ ಪ್ಲಾಸ್ಟಿಕ್ ಕವರೊಂದನ್ನು ಕೊಟ್ಟ. ಬ್ಯಾಟರಿ ಬಿಚ್ಚುವಾಗ ಸಿಕ್ಕಿದ್ದು. ಬ್ಯಾಟರಿಯ ಪ್ಲಸ್ ಕಂಬ ದಪ್ಪ, ಮೈನಸ್ ಕಂಬ ಸಣ್ಣ. ಉಲ್ಟಾ ಕಟ್ಟಿದಾಗ ಪ್ಲಸ್ ತಂತಿಯ ದೊಡ್ಡ ಕ್ಲ್ಯಾಂಪು ಸಣ್ಣ ಕಂಬದ ಮೇಲೆ ಸಡಿಲವಾಗಿ ಅಲ್ಲಾಡುತ್ತದೆ. ಅಲ್ಲಾಡದಿರಲೆಂದು ಯಾರೋ ನಡುವೆ ಮಾತ್ರೆಯ ಹಾಳೆಯ ತುಂಡೊಂದನ್ನು ತುರುಕಿದ್ದರು. ಬೆಳ್ಳಿ ಬಣ್ಣದ ಹಾಳೆ, ನಾಲ್ಕು ಮಡಿಕೆ, ಅಂಚಿಗೆ ಅಂಚು ಕೂಡಿಸಿ ಉಗುರಿನಿಂದ ಗೀರಿ ಮಡಿಸಿದ್ದು. ಒಂದು ಮೂಲೆ ಕರಕಲಾಗಿತ್ತು.

ಅನಸೂಯ ಅದನ್ನು ಬೆಳಕಿಗೆ ಹಿಡಿದು ನೋಡಿ ಚೀಲಕ್ಕೆ ಹಾಕಿಕೊಂಡರು. ಬಾಗಿಲ ಬಳಿ ಬಂದು, ಈ ಕಾರನ್ನು ನಿಮ್ಮಪ್ಪನ ಹೊರತು ಬೇರೆ ಯಾರು ಓಡಿಸುತ್ತಿದ್ದರು ಎಂದು ವಂದನಾಳನ್ನು ಕೇಳಿದರು.

ವಂದನಾ ಫೋನಿನಿಂದ ತಲೆ ಎತ್ತಲು ಒಂದು ಕ್ಷಣ ತಡಮಾಡಿದಳು.

"ಗಂಗಾಧರ ಅಂಕಲ್. ಎಗ್ಮೋರ್‌ನಲ್ಲಿದಾರೆ. ಬಟ್ ನೋ ಯೂಸ್ ಆಂಟಿ, ಅವರೂ ಅಪ್ಪನೂ ಮಾತು ಬಿಟ್ಟು ಹನ್ನೊಂದು ವರ್ಷ ಆಯ್ತು."

"ಇರಲಿ, ಒಂದು ಸಲ ಮುಖ ನೋಡ್ಕೊಂಡು ಬರೋಣ."

ದಾರಿಯಲ್ಲಿ ಸೈದಾಪೇಟೆಯ ಸಿಗ್ನಲ್ಲಿನಲ್ಲಿ ವಂದನಾಳ ಬಿಳಿ ಕಾರು ಎರಡು ಹಸಿರು ಕಳೆದುಕೊಂಡು ನಿಂತಾಗ ಅವಳು ಆ ಸ್ನೇಹದ ಕತೆ ಹೇಳಿದಳು. ಇಬ್ಬರೂ ರೈಲ್ವೆಯಲ್ಲಿ ಬೋಗಿಗಳ ದೀಪ, ಫ್ಯಾನು ನೋಡಿಕೊಳ್ಳುವ ವಿಭಾಗದವರು. ತುಮಕೂರಿನ ಕಡೆಯವರು ಗಂಗಾಧರ, ಮಂಡ್ಯದವರು ಅಪ್ಪ. ತಮಿಳು ಬಾರದ ಕಾಲದಲ್ಲಿ ಒಂದೇ ಕೋಣೆಯಲ್ಲಿದ್ದವರು. ಮಾರಿಸನ್ನು ಇಬ್ಬರೂ ಸೇರಿ ಕೊಂಡಿದ್ದರು. ವರ್ಷದಲ್ಲಿ ಆರು ತಿಂಗಳು ಅದು ಇವರ ಮನೆ ಮುಂದೆ, ಆರು ತಿಂಗಳು ಅವರ ಮನೆ ಮುಂದೆ. ಹೆಡ್‌ಲೈಟು ಮಂಕು, ಡೈನಮೋ ತೆಗೆದು ಆಲ್ಟರ್ನೇಟರ್ ಹಾಕೋಣ ಎಂದು ಅಪ್ಪ ಎಂದದ್ದೇ ಜಗಳಕ್ಕೆ ನೆಪ. ಹುಟ್ಟಿದ ಹಾಗೇ ಇರಲಿ, ಅದಕ್ಕೆ ಆಪರೇಷನ್ ಬೇಡ ಎಂದರು ಗಂಗಾಧರ. ಮಾತಿಗೆ ಮಾತು ಬೆಳೆದು, ಕನ್ನಡ ಸಂಘದ ಯುಗಾದಿ ಊಟದ ಪಂಕ್ತಿಯಲ್ಲೇ ಅವರು ಎದ್ದು ನಿಂತು, ನನ್ನ ಪಾಲೂ ನಿನಗೇ ಇರಲಿ, ಇನ್ನು ಆ ಗಾಡಿಯನ್ನು ಮುಟ್ಟಿದರೆ ನನ್ನ ಹೆಸರು ಕರೀಬೇಡ ಎಂದುಬಿಟ್ಟರಂತೆ.

"ಸಚ್ ಎ ಸಿಲ್ಲಿ ಥಿಂಗ್," ಎಂದಳು ವಂದನಾ. ಆಮೇಲೆ, ಕೇಳದಿದ್ದರೂ, ಇನ್ನೊಂದು ಸಲ ಹೇಳಿದಳು: ಅಪ್ಪ ಹೋದ ದಿನ ತಾನು ಬ್ಯಾಂಕಿನ ಕೆಲಸದ ಮೇಲೆ ಕೊಯಮತ್ತೂರಿನಲ್ಲಿದ್ದೆ, ಮೂರು ದಿನ ಅಲ್ಲೇ, ಊರಲ್ಲಿದ್ದಿದ್ದರೆ ಹೀಗಾಗಲು ಬಿಡುತ್ತಿದ್ದೆನೇ. ಹೇಳುವಾಗ ಕಣ್ಣು ಒದ್ದೆಯಾಯಿತು. ಅನಸೂಯ ಟಿಶ್ಯೂ ಪೇಪರ್ ಎಳೆದು ಕೊಟ್ಟರು.

ಎಗ್ಮೋರ್ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಗಂಗಾಧರರ ಮನೆ. ತಾನು ಒಳಗೆ ಬರುವುದಿಲ್ಲ, ನೋಡಿದರೆ ಅವರಿಗೆ ಹಳೆಯ ಸಿಟ್ಟು ನೆನಪಾಗುತ್ತದೆ ಎಂದು ವಂದನಾ ಕಾರಿನಲ್ಲೇ ಕೂತಳು.

ಬಾಗಿಲು ತೆರೆದ ಮುದುಕ ಮೊದಲು ತಮಿಳಿನಲ್ಲಿ ಯಾರು ಬೇಕೆಂದರು. ಅನಸೂಯ ಕನ್ನಡದಲ್ಲಿ ಉತ್ತರಿಸಿದಾಗ ಅವರ ಬಾಯಿ ಒಂದು ಗಳಿಗೆ ಪದ ಹುಡುಕಿತು, ಬಹಳ ದಿನ ತೆಗೆಯದ ಬೀರುವಿನ ಬಾಗಿಲಿನ ಹಾಗೆ. ಕೋಣೆಯಲ್ಲಿ ಎರಡು ಕುರ್ಚಿ. ಒಂದರ ಮೇಲೆ ಒಂದು ದಿನ ತಡವಾಗಿ ಬರುವ ಕನ್ನಡ ಪತ್ರಿಕೆಗಳ ರಾಶಿ ಎದೆಮಟ್ಟ ಇತ್ತು. ಅದನ್ನು ಇಳಿಸಿ ಕೂರಿಸಲು ಅವರಿಗೆ ಮೂರು ಸಲ ಓಡಾಡಬೇಕಾಯಿತು. ಆ ಕುರ್ಚಿಯಲ್ಲಿ ಯಾರಾದರೂ ಕೂತು ಎಷ್ಟು ಕಾಲವಾಗಿತ್ತೋ.

ಅನಸೂಯ ತಾನು ವಾಹನಗಳ ಸರ್ವೇಯರ್, ಮಾರಿಸ್ ಕಾರು ಕೆಟ್ಟಿರುವ ಬಗ್ಗೆ ವಿಚಾರಿಸಲು ಬಂದೆ ಎಂದಷ್ಟೇ ಹೇಳಿದರು. ಕಾಣೆಯಾದ ಮಾತು ತೆಗೆಯಲಿಲ್ಲ.

ಆ ಗಾಡಿಗೂ ತನಗೂ ಸಂಬಂಧವಿಲ್ಲ ಎಂದರು ಗಂಗಾಧರ. ಹನ್ನೊಂದು ವರ್ಷದಿಂದ ಮುಟ್ಟಿಲ್ಲ. ಈಗ ಅದಕ್ಕೆ ಯಾವ ಬಣ್ಣವಿದೆ ಎಂದೂ ತಿಳಿಯದು. ಇಷ್ಟು ಹೇಳಿ ಎದ್ದು ಕಿಟಕಿಯಿಂದ ಹೊರಗೆ ನೋಡಿ, ಕಾರಿನಲ್ಲಿ ಯಾರು ಕೂತಿರುವುದು ಎಂದು ಕೇಳಿದರು. ವಂದನಾ ಎಂದರು ಅನಸೂಯ. ಒಳಗೆ ಕರೆಯಬಹುದಿತ್ತು, ಬಿಸಿಲು, ಎಂದು ಗೊಣಗಿಕೊಂಡು ಕಾಫಿ ಮಾಡಲು ಹೋದರು.

ಅನಸೂಯ ಕೂತಲ್ಲಿಂದಲೇ ಕೋಣೆಯನ್ನು ಓದತೊಡಗಿದರು, ಗುದ್ದಿಸಿಕೊಂಡ ಲಾರಿಯನ್ನು ಓದಿದಂತೆ. ಅಲ್ಲಾಡುವ ಕಿಟಕಿ ಚಿಲಕದ ಸಂದಿನಲ್ಲಿ ಏನೋ ಮಿಂಚಿತು. ಗೋಡೆಯ ಮೊಳೆಗೂ ಕ್ಯಾಲೆಂಡರಿನ ಕೊಂಡಿಗೂ ನಡುವೆ ಅದೇ ಮಿಂಚು. ಬಗ್ಗಿ ನೋಡಿದರೆ ಮೇಜಿನ ಕುಂಟ ಕಾಲಿನ ಕೆಳಗೂ ಅದೇ.

ಗಂಗಾಧರ ಕಾಫಿ ತಂದು ಮೇಜಿನ ಮೇಲಿಟ್ಟರು. ಲೋಟ ಒಂದೇ ಇತ್ತು. ತನಗೆ ಆಗಲೇ ಆಯಿತು ಎಂದರು.

ಅನಸೂಯ ಚೀಲದಿಂದ ಕವರ್ ತೆಗೆದು ಲೋಟದ ಪಕ್ಕ ಇಟ್ಟರು.

"ನಿಮ್ಮ ಮೇಜಿನ ಕಾಲಿಗೂ ಮಾತ್ರೆ ಹಾಳೆ ಕೊಟ್ಟಿದೀರಿ. ಅದೂ ನಾಲ್ಕು ಮಡಿಕೆ, ಅಂಚಿಗೆ ಅಂಚು. ಇದು ಮಾರಿಸಿನ ಬ್ಯಾಟರಿ ಕ್ಲ್ಯಾಂಪಿನಲ್ಲಿ ಸಿಕ್ಕಿತು."

ಗಂಗಾಧರ ಅದನ್ನು ಮುಟ್ಟಲಿಲ್ಲ. ನಿಧಾನವಾಗಿ ಕುರ್ಚಿಯಲ್ಲಿ ಕೂತರು. ಹೊರಗೆ ಯಾವುದೋ ರೈಲಿನ ಪ್ರಕಟಣೆ ಮೂರು ಭಾಷೆಗಳಲ್ಲಿ ಮುಗಿಯಿತು.

"ಸಂಘದವರಿಗೆ ಹೇಳ್ತೀರಾ?" ಎಂದರು.

ಅನಸೂಯ ಕವರನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು. ಈ ಮನುಷ್ಯ ಹೆದರಿದ್ದದ್ದು ಪೊಲೀಸರಿಗಲ್ಲ. ಪಂಕ್ತಿಯಲ್ಲಿ ಎದ್ದು ನಿಂತು ಆಡಿದ ಮಾತಿಗೆ.

"ಯಾರಿಗೂ ಹೇಳಲ್ಲ. ನಡೆದದ್ದು ಹೇಳಿ."

ಗಂಗಾಧರ ಹೇಳಿದರು. ಒಂಬತ್ತು ದಿನದ ಹಿಂದೆ ಮಧ್ಯಾಹ್ನ ಲ್ಯಾಂಡ್‌ಲೈನ್ ರಿಂಗಾಯಿತು. ಆ ಫೋನು ರಿಂಗಾಗುವುದೇ ಅಪರೂಪ, ಆದರೂ ಅದು ಸಾಲ ಬೇಕೇ ಎಂದು ಕೇಳುವ ಹುಡುಗಿಯರು. ಈ ಸಲ ಅತ್ತ ಕಡೆಯಿಂದ, ಗಂಗಣ್ಣಾ, ಗಾಡಿ ನಿಂತುಬಿಟ್ಟಿದೆ, ಗಿಂಡೀಲಿದೀನಿ, ಎಂಬ ದನಿ. ಹನ್ನೊಂದು ವರ್ಷ ಮಧ್ಯೆ ಹೋಗಿಯೇ ಇಲ್ಲವೆಂಬಂತೆ. ಇವರು ಚಪ್ಪಲಿ ಮೆಟ್ಟಿಕೊಂಡು, ದಾರಿಯಲ್ಲಿ ಹೊಸ ಬ್ಯಾಟರಿ ಕೊಂಡು, ಆಟೋದಲ್ಲಿ ಹೋದರು. ಎಲ್ಲಿಗೆ ಹೊರಟಿದ್ದೆ ಎಂದು ಕೇಳಲಿಲ್ಲ. ಕೇಳಿದರೆ ಎಲ್ಲಿ ಮಾತು ಮತ್ತೆ ಹಳೆಯದಕ್ಕೆ ತಿರುಗುತ್ತದೋ ಎಂಬ ಭಯ.

"ಪ್ಲಸ್ಸನ್ನ ಮೈಗೆ ಕಟ್ಟಿದಿರಿ."

"ಮೈಗಲ್ಲದೆ ಇನ್ನೆಲ್ಲಿಗಮ್ಮಾ? ಆ ಗಾಡಿಗೆ ಹುಟ್ಟಿದಾಗಿಂದ ಹಾಗೇ. ಕ್ಲ್ಯಾಂಪು ಯಾಕೋ ಸಡಿಲ ಬಂತು, ಹಾಳೆ ಮಡಿಸಿ ಕೊಟ್ಟೆ. ಕೊಡ್ತಿದ್ದ ಹಾಗೇ ಹೊಗೆ ಬಂತು. ವೈರ್ ಹಳೇದಾಗಿದೆ ಗಂಗಣ್ಣ, ಮೆಕ್ಯಾನಿಕ್ ಕರೆಸ್ತೀನಿ ಅಂದ."

"ಅದರೊಳಗೆ ಎರಡು ವರ್ಷದಿಂದ ಇದ್ದದ್ದು ಆಲ್ಟರ್ನೇಟರ್."

"ಸುಳ್ಳು. ಬಾನೆಟ್ ನಾನೇ ಎತ್ತಿದೆ. ಡೈನಮೋ ಇದ್ದಲ್ಲೇ ಇತ್ತು."

"ಅದು ಬರೀ ಸಿಪ್ಪೆ ಸರ್. ಒಳಗೆ ಬೇರೆ. ನಿಮಗೆ ಗೊತ್ತಾಗಬಾರದು ಅಂತ ಹಾಗೆ ಮಾಡಿಸಿದ್ರು."

ಗಂಗಾಧರ ತಮ್ಮ ಎರಡು ಕೈಗಳನ್ನೂ ಮೊಣಕಾಲ ಮೇಲೆ ಇಟ್ಟುಕೊಂಡು ನೋಡಿದರು. ಬೆರಳ ತುದಿಗಳಲ್ಲಿ ದಶಕಗಳ ಹಿಂದಿನ ಗ್ರೀಸಿನ ಗೆರೆಗಳು ಹೋಗದೆ ಉಳಿದಿದ್ದವು.

"ಅವನು ಪಕ್ಕದಲ್ಲೇ ನಿಂತಿದ್ದ," ಎಂದರು. "ನನಗೆ ಬಿಸಿಲು ಬೀಳದ ಹಾಗೆ ಕೊಡೆ ಹಿಡ್ಕೊಂಡು. ನಾನು ಪ್ಲಸ್ ಕೈಗೆ ತಗೊಂಡಿದ್ದು ನೋಡಿದ. ಮೈಗೆ ಕೊಟ್ಟಿದ್ದೂ ನೋಡಿದ. ಬಾಯೇ ಬಿಡಲಿಲ್ಲ."

"ಬಿಟ್ಟಿದ್ರೆ?"

"ಹಾಕಿಸಿಬಿಟ್ಟಿದೀಯಾ ಅಂತ ನಾನು ಅಲ್ಲೇ ಕೈ ಒರೆಸ್ಕೊಂಡು ಹೊರಟುಬಿಡ್ತಿದ್ದೆ. ಅವನಿಗೆ ಗೊತ್ತು ಅದು." ಆಮೇಲೆ, "ಸುಟ್ರೆ ಸುಡಲಿ ಅಂತ ನಿಂತಿದ್ದ ಮುಂಡೇದು," ಎಂದು ಮುಖ ಆ ಕಡೆ ತಿರುಗಿಸಿದರು.

ಕಾಫಿ ಆರುತ್ತಿತ್ತು. ಅನಸೂಯ ಒಂದು ಗುಟುಕು ಕುಡಿದರು, ಅವರಿಗೆ ಸಮಯ ಸಿಗಲೆಂದು. ಕಿಟ್ಟುವಿನ ಹೆಸರು ಉಳಿಯಿತು, ಅಷ್ಟು ನಿಜ. ಆದರೆ ಆ ಮಧ್ಯಾಹ್ನದ ಆಮೇಲಿನ ಭಾಗ ಇನ್ನೂ ಕತ್ತಲಾಗಿಯೇ ಇತ್ತು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲವೆನಿಸಿತು.

"ಗಂಗಾಧರ್ ಸರ್, ಅವತ್ತಿಂದ ಸತ್ಯನಾರಾಯಣ ಮನೆಗೆ ಬಂದಿಲ್ಲ. ಒಂಬತ್ತು ದಿನದಿಂದ ಹುಡುಕ್ತಿದೀವಿ. ಪೊಲೀಸ್ ಕಂಪ್ಲೇಂಟ್ ಆಗಿದೆ."

ಗಂಗಾಧರ ಅವರನ್ನು ನೋಡಿದ ರೀತಿಯಲ್ಲಿ ಗಾಬರಿಗಿಂತ ಹೆಚ್ಚಾಗಿ ಗೊಂದಲವಿತ್ತು. ತಾನು ಕೇಳಿದ್ದು ಸರಿಯೇ ಎಂದು ಅನುಮಾನಿಸುವವರ ಹಾಗೆ.

"ಕಾಣೆ ಅಂದ್ರೆ?"

"ಆ ವಯಸ್ಸಿನವರನ್ನ ಬಿಸಿಲಲ್ಲಿ ಒಬ್ಬರನ್ನೇ ಬಿಟ್ಟು ನೀವು ಯಾಕೆ ಹೊರಟಿರಿ?"

"ಒಬ್ಬನನ್ನೇ ಎಲ್ಲಿ ಬಿಟ್ಟೆ? ಮಗಳು ಬಂದಳಲ್ಲ," ಎಂದರು ಗಂಗಾಧರ. "ಮೂರೂವರೆ ಇರಬೇಕು. ಇದೇ ಬಿಳಿ ಕಾರು. ಅಂಕಲ್, ನೀವು ಹೊರಡಿ, ಅಪ್ಪನ್ನ ನಾನು ಕರ್ಕೊಂಡು ಹೋಗ್ತೀನಿ ಅಂದಳು. ಅವನು ಹತ್ತಿದ್ದನ್ನ ನೋಡಿಯೇ ನಾನು ಆಟೋ ಹಿಡಿದೆ."

ಅನಸೂಯ ಲೋಟ ಕೆಳಗಿಟ್ಟರು. ಕೊಯಮತ್ತೂರು, ಮೂರು ದಿನ, ಬ್ಯಾಂಕಿನ ಕೆಲಸ. ತಮ್ಮ ವೇಲಚೇರಿಯ ಮನೆಯ ಸೋಫಾದಲ್ಲಿ ಕೂತು, ಅಪ್ಪನನ್ನು ಹುಡುಕಿಕೊಡಿ ಎಂದು ಅತ್ತವಳು ಅವಳೇ. ಆ ಮನೆಯಲ್ಲಿ ಆರು ವರ್ಷದಲ್ಲಿ ಅಷ್ಟು ಹೊತ್ತು ಕೂತು ಮಾತಾಡಿದವಳು ಅವಳೊಬ್ಬಳೇ. ಅವಳಿಗಾಗಿ ಆವತ್ತು ಉಪ್ಪಿಟ್ಟು ಮಾಡಿದ್ದು ನೆನಪಾಯಿತು, ಅವಳು ಎರಡನೇ ಸಲ ಹಾಕಿಸಿಕೊಂಡದ್ದೂ.

"ನೀವು ಕಣ್ಣಾರೆ ನೋಡಿದಿರಾ? ವಂದನಾನೇನಾ?"

"ಅವಳನ್ನ ಎತ್ತಿ ಆಡಿಸಿದವನಮ್ಮಾ ನಾನು. ಯಾಕೆ, ನಿಮಗೆ ಅವಳು ಹೇಳಲಿಲ್ವಾ? ಇಲ್ಲೇ ಇದಾಳಲ್ಲ, ತಾಳಿ, ಕರೀತೀನಿ."

ಬೇಡ ಎಂದು ಅನಸೂಯ ಹೇಳುವಷ್ಟರಲ್ಲಿ ಗಂಗಾಧರ ಕಿಟಕಿಯ ಬಳಿ ಹೋಗಿ, ಸರಳುಗಳ ನಡುವಿನಿಂದ ತೋಳು ಹೊರಚಾಚಿ, ಒಳಗೆ ಬಾ ಎಂದು ಕೈ ಬೀಸಿದರು.

ಬಿಳಿ ಕಾರಿನ ಅರ್ಧ ಇಳಿದ ಗಾಜಿನಾಚೆ ವಂದನಾಳ ಮುಖ ಕಿಟಕಿಯತ್ತ ತಿರುಗಿತು. ಗಾಜು ಸದ್ದಿಲ್ಲದೆ ಪೂರ್ತಿ ಮೇಲೇರಿತು. ಆಮೇಲೆ ಕಾರು ಹಿಮ್ಮುಖವಾಗಿ ಚಲಿಸಿ, ಓಣಿಯ ಬಾಯಲ್ಲಿದ್ದ ಇಡ್ಲಿ ಗಾಡಿಯನ್ನು ಒಂದಿಷ್ಟು ಸವರಿಕೊಂಡು, ದೊಡ್ಡ ರಸ್ತೆಗೆ ಇಳಿದುಹೋಯಿತು.